ಮಾರ್ಗರೆಟ್ ಆಳ್ವ ಮತ್ತು ನಮ್ಮ ಚಿಕ್ಕಮ್ಮನ ಕುರ್ಚಿ

ಏಪ್ರಿಲ್ 14 ಅಂದರೆ ತಾಯಲೂರು ಸುತ್ತಿನ ಕೇರಿಗಳಲ್ಲಿ ನೀಲಿ ಬಾವುಟ, ತಮಟೆ, ಬಾಬಾಸಾಹೇಬರ ಫೋಟೋಕ್ಕೆ ಹೂವಿನ ಹಾರ. ಅದೇ ಏಪ್ರಿಲ್ 14ರಂದು, 1942ರಲ್ಲಿ, ಮಂಗಳೂರಿನ ಒಂದು ಕ್ರೈಸ್ತ ಮನೆಯಲ್ಲಿ ಮಾರ್ಗರೆಟ್ ನಜರೆತ್ ಎಂಬ ಹೆಣ್ಣುಮಗು ಹುಟ್ಟಿತು. ತಾರೀಖು ಒಂದೇ ಆದ ಮಾತ್ರಕ್ಕೆ ದಾರಿ ಒಂದೇ ಆಗುವುದಿಲ್ಲ, ಗೊತ್ತು. ಈ ಹೆಂಗಸಿನ ಚರಿತ್ರೆಯನ್ನು ನಾವು ಕೆದಕಬೇಕಾಗಿ ಬಂದದ್ದು ನಮ್ಮ ಚಿಕ್ಕಮ್ಮನ ದೆಸೆಯಿಂದ.

2015ರಲ್ಲಿ ನಮ್ಮ ಕಡೆಯ ಒಂದು ಪಂಚಾಯ್ತಿಯ ಅಧ್ಯಕ್ಷಗಿರಿ ಪರಿಶಿಷ್ಟ ಜಾತಿ ಮಹಿಳೆಗೆ ಬಂತು. ಟೊಮೇಟೊ ತೋಟಕ್ಕೆ ಕೂಲಿಗೆ ಹೋಗುತ್ತಿದ್ದ ಚಿಕ್ಕಮ್ಮ ಅಧ್ಯಕ್ಷೆಯಾದಳು. ಮೊದಲ ಸಭೆಗೆ ಹೋದರೆ ಅಧ್ಯಕ್ಷರ ಮರದ ಕುರ್ಚಿ ಒಳಗಿನ ಕೋಣೆ ಸೇರಿತ್ತು, ಅದರ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ. 'ಆಯಮ್ಮನಿಗೇನು ಗೊತ್ತಾಗ್ತದೆ, ಸೈನು ಹಾಕಿದ್ರೆ ಸಾಕು' ಅಂತ ಒಬ್ಬರು ಎಲ್ಲರಿಗೂ ಕೇಳುವ ಹಾಗೆ ಅಂದರು. ರಾತ್ರಿ ಚಿಕ್ಕಮ್ಮ ನಮ್ಮನ್ನು ಕೂರಿಸಿಕೊಂಡು ಕೇಳಿದಳು: 'ನೀವು ಓದಿದೋರು. ಹೆಂಗಸ್ರಿಗೆ ಈ ಸೀಟು ಮಾಡ್ದೋರು ಯಾರಪ್ಪ? ಸೀಟು ಕೊಟ್ಟೋರು ಕೂತ್ಕೊಳ್ಳೋಕೆ ಒಂದು ಕುರ್ಚೀನೂ ಕೊಡ್ಬಾರ್ದಿತ್ತಾ?' ನಾವು ಬಾಬಾಸಾಹೇಬರ ಹೆಸರು ಹೇಳಿದೆವು. ಅದು ಅರ್ಧ ಉತ್ತರ. ಉಳಿದರ್ಧ ನಮಗೂ ಗೊತ್ತಿರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕ ಹೆಸರುಗಳಲ್ಲಿ ಒಂದು ಮಾರ್ಗರೆಟ್ ಆಳ್ವ.

ಆಕೆ ಬೆಂಗಳೂರಿನಲ್ಲಿ ಕಾನೂನು ಓದಿ ವಕೀಲರಾದರು. 1964ರಲ್ಲಿ ನಿರಂಜನ್ ಆಳ್ವರನ್ನು ಮದುವೆಯಾದರು. ಆ ಮನೆ ಸಾಮಾನ್ಯ ಮನೆಯಲ್ಲ. ಮಾವ ಜೋಕಿಂ ಆಳ್ವ ಸ್ವಾತಂತ್ರ್ಯ ಹೋರಾಟಗಾರ, ಪತ್ರಕರ್ತ, ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಹೋದವರು. ಅತ್ತೆ ವಯೊಲೆಟ್ ಆಳ್ವ 1962ರಿಂದ ರಾಜ್ಯಸಭೆಯ ಉಪಸಭಾಪತಿ. 1969ರ ನವೆಂಬರಿನಲ್ಲಿ ಆ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಅದೇ ತಿಂಗಳು ತೀರಿಕೊಂಡರು. ಐದೇ ವರ್ಷಕ್ಕೆ, 1974ರಲ್ಲಿ, ಸೊಸೆ ಅದೇ ಸದನಕ್ಕೆ ಹೋದರು. ವಯಸ್ಸು 32. ಆಮೇಲೆ 1980, 1986, 1992, ಒಟ್ಟು ನಾಲ್ಕು ಸಲ, 1998ರವರೆಗೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ನಮ್ಮ ಹೊಟ್ಟೆಗೆ ಅನ್ನ ಸೇರುವುದಿಲ್ಲ. ಆಕೆ ದೆಹಲಿಗೆ ಹೋಗುವ ಹಿಂದಿನ ವರ್ಷ, 1973ರಲ್ಲಿ, ಅದೇ ಪಕ್ಷದ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ 'ಬೂಸಾ' ಎಂಬ ಒಂದು ಮಾತಿಗೆ ರಾಜ್ಯವೆಲ್ಲ ಹೊತ್ತಿ ಉರಿದು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟ ಮನುಷ್ಯನಿಗೆ ಒಂದು ಮಾತಿನ ವಿನಾಯಿತಿಯೂ ಇರಲಿಲ್ಲ. ದೊಡ್ಡ ಮನೆಯಿಂದ ಬಂದವರ ವಿವಾದಗಳಿಗೆ ಈ ದೇಶದಲ್ಲಿ ವಾಯಿದೆ ಸಿಗುತ್ತದೆ. ನಮ್ಮವರಿಗೆ ಜಪ್ತಿ. ಆಳ್ವರ ಕತೆ ಓದುವಾಗ ಇದನ್ನು ಮರೆಯಬಾರದು.

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. ಆಳ್ವರು ಆಳುವ ಪಕ್ಷದ ಬೆಂಚಿನಲ್ಲಿದ್ದರು. ಅದೇ ಕಾಲದಲ್ಲಿ ಬೆಂಗಳೂರಿನ ಜೈಲಿನಲ್ಲಿ 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳುತ್ತಿದ್ದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟ ಕೆಲವೇ ದಿನಕ್ಕೆ ಸತ್ತರು. ಒಂದೇ ಊರು, ಇಬ್ಬರು ಹೆಂಗಸರು.

ರಾಜೀವ್ ಗಾಂಧಿ ಕಾಲದಲ್ಲಿ, 1985ರಿಂದ 1989ರವರೆಗೆ, ಆಳ್ವರು ಯುವಜನ, ಕ್ರೀಡೆ, ಮಹಿಳೆ ಮತ್ತು ಮಕ್ಕಳ ಇಲಾಖೆಯ ರಾಜ್ಯಮಂತ್ರಿ. ದೊಡ್ಡ ಕೆಲಸವೂ ದೊಡ್ಡ ಕಳಂಕವೂ ಆ ನಾಲ್ಕು ವರ್ಷದ್ದೇ.

ಕಳಂಕ ಮೊದಲು. ಇಂದೋರಿನ ಶಾಬಾನೋ ಎಂಬ ಮುದುಕಿಗೆ ಗಂಡ ತಲಾಖ್ ಕೊಟ್ಟಿದ್ದ. ಮಧ್ಯಪ್ರದೇಶದ ಹೈಕೋರ್ಟು ತಿಂಗಳಿಗೆ 179 ರೂಪಾಯಿ 20 ಪೈಸೆ ಜೀವನಾಂಶ ಗೊತ್ತು ಮಾಡಿತ್ತು. 1985ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಸರ್ಕಾರ ಹೆದರಿತು. 1986ರಲ್ಲಿ ಹೊಸ ಕಾಯಿದೆ ತಂದು, ಗಂಡ ಕೊಡಬೇಕಾದ್ದನ್ನು ಇದ್ದತ್ ಅವಧಿಗೆ ಕಟ್ಟಿಹಾಕಲು ನೋಡಿತು. ಆರಿಫ್ ಮೊಹಮ್ಮದ್ ಖಾನ್ ಮಂತ್ರಿ ಪದವಿ ಬಿಟ್ಟು ಹೊರಬಂದರು. ಹೆಂಗಸರ ಇಲಾಖೆಯ ಮಂತ್ರಿ ಉಳಿದರು. 179 ರೂಪಾಯಿ ಎಷ್ಟು ದಿನದ ಕೂಲಿ ಅನ್ನುವುದು ನಮ್ಮ ಅಮ್ಮಂದಿರಿಗೆ ಗೊತ್ತು, ಅದಕ್ಕೇ ಈ ಲೆಕ್ಕ ನಮಗೆ ಚುಚ್ಚುತ್ತದೆ. ಅದೇ ಕಾಯಿದೆಯನ್ನು 2001ರಲ್ಲಿ ಸುಪ್ರೀಂ ಕೋರ್ಟು ಹೆಂಗಸಿನ ಪರವಾಗಿ ಅರ್ಥ ಮಾಡಿತು. ಆದರೆ ಅದು ಕೋರ್ಟಿನ ಪುಣ್ಯ, ಮಂತ್ರಿಮಂಡಲದ್ದಲ್ಲ.

ಇನ್ನು ಕೆಲಸ. 1988ರಲ್ಲಿ ಆಳ್ವರ ಇಲಾಖೆಯಿಂದ ಮಹಿಳೆಯರಿಗಾಗಿ ರಾಷ್ಟ್ರೀಯ ದೃಷ್ಟಿಕೋನ ಯೋಜನೆ ಹೊರಬಂತು. ಪಂಚಾಯ್ತಿಯಿಂದ ಜಿಲ್ಲಾ ಪರಿಷತ್ತಿನವರೆಗೆ ಶೇಕಡ 30 ಸೀಟು ಹೆಂಗಸರಿಗೆ ಎಂದು ಅದರಲ್ಲಿ ಶಿಫಾರಸು ಇತ್ತು. ಇದನ್ನು ದೆಹಲಿಯವರು ತಮ್ಮ ತಲೆಯಿಂದಲೇ ತೆಗೆದದ್ದು ಅನ್ನುವಂತಿಲ್ಲ. ನಮ್ಮಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರದ ಅಬ್ದುಲ್ ನಜೀರ್ ಸಾಬರು 1983ರ ಕಾಯಿದೆಯಲ್ಲೇ ಹೆಂಗಸರಿಗೆ ಶೇಕಡ 25 ಇಟ್ಟು, 1987ರ ಜನವರಿಯಲ್ಲಿ ಚುನಾವಣೆಯನ್ನೂ ನಡೆಸಿಬಿಟ್ಟಿದ್ದರು. ಬರದ ಸೀಮೆಗೆಲ್ಲ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಆದವರು ಅವರೇ. ಕೋಲಾರದವರಿಗೆ ಅವರನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ.

ರಾಜೀವರ 64ನೇ ತಿದ್ದುಪಡಿ ಮಸೂದೆ 1989ರ ಅಕ್ಟೋಬರಿನಲ್ಲಿ ರಾಜ್ಯಸಭೆಯಲ್ಲಿ ಬಿತ್ತು. ರಾಜ್ಯಗಳನ್ನು ದಾಟಿ ದೆಹಲಿ ನೇರ ಹಳ್ಳಿಗೆ ಕೈಹಾಕುತ್ತದೆ ಎಂಬ ಅನುಮಾನ ವಿರೋಧ ಪಕ್ಷಗಳಿಗಿತ್ತು. ಕೊನೆಗೆ ನರಸಿಂಹರಾಯರ ಕಾಲದಲ್ಲಿ, 1992ರ ಡಿಸೆಂಬರಿನಲ್ಲಿ, 73ನೇ ತಿದ್ದುಪಡಿ ಪಾಸಾಗಿ 1993ರ ಏಪ್ರಿಲ್ 24ರಿಂದ ಜಾರಿಗೆ ಬಂತು. ಹೆಂಗಸರಿಗೆ ಮೂರನೇ ಒಂದು. ಪರಿಶಿಷ್ಟರಿಗೆ ಜನಸಂಖ್ಯೆಗೆ ತಕ್ಕಷ್ಟು, ಅದರಲ್ಲೂ ಮೂರನೇ ಒಂದು ಹೆಂಗಸರಿಗೆ. ಅಧ್ಯಕ್ಷಗಿರಿಗೂ ಮೀಸಲು. ಈ ಕೊನೆಯ ಎರಡು ಸಾಲಿನಿಂದಲೇ ನಮ್ಮ ಚಿಕ್ಕಮ್ಮ ಆ ಪ್ಲಾಸ್ಟಿಕ್ ಕುರ್ಚಿಯವರೆಗೆ ಬಂದದ್ದು. 2010ರಲ್ಲಿ ಕರ್ನಾಟಕ ಇದನ್ನು ಅರ್ಧಕ್ಕೆ ಏರಿಸಿತು. ಆಳ್ವರೊಬ್ಬರಿಂದಲೇ ಆಯಿತು ಅಂದರೆ ಸುಳ್ಳು. ಅವರ ಪಾಲಿಲ್ಲ ಅಂದರೆ ಅದಕ್ಕಿಂತ ದೊಡ್ಡ ಸುಳ್ಳು.

ಆದರೆ ಕೆ.ಜಿ.ಎಫ್. ಕಡೆಯ ದಲಿತ ಕ್ರೈಸ್ತ ಗೆಳೆಯರು ಬೇರೆ ಪ್ರಶ್ನೆ ಕೇಳುತ್ತಾರೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಪಟ್ಟಿಯನ್ನು ಹಿಂದೂಗಳಿಗೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಇಗರ್ಜಿಗೆ ಹೋದ ಹೊಲೆಯ ಮಾದಿಗರಿಗೆ ತೆರೆಯಲಿಲ್ಲ. ಹತ್ತಿರ ಹತ್ತಿರ ಮೂವತ್ತು ವರ್ಷ ಒಬ್ಬ ಕ್ರೈಸ್ತ ನಾಯಕಿ ಸಂಸತ್ತಿನಲ್ಲಿದ್ದ ಕಾಲದಲ್ಲೂ ತೆರೆಯಲಿಲ್ಲ. ಒಬ್ಬರ ಮೇಲೆ ಹೊರಿಸುವ ತಪ್ಪಲ್ಲ ಇದು. ಆದರೆ ಒಂದೇ ಧರ್ಮದವರಾದರೆ ಒಂದೇ ನೋವು ಅನ್ನುವವರು ಇದನ್ನು ಕೇಳಿಸಿಕೊಳ್ಳಲಿ.

1999ರಲ್ಲಿ ಆಳ್ವರು ಕೆನರಾದಿಂದ ನೇರ ಚುನಾವಣೆಗೆ ನಿಂತು ಲೋಕಸಭೆಗೆ ಗೆದ್ದರು. ಮಹಿಳಾ ಸಬಲೀಕರಣದ ಸಂಸದೀಯ ಸಮಿತಿಗೆ ಅಧ್ಯಕ್ಷೆಯಾದರು. 2004ರಲ್ಲಿ, ಮತ್ತೆ 2009ರಲ್ಲಿ ಅನಂತಕುಮಾರ ಹೆಗಡೆ ಎದುರು ಸೋತರು.

ನಡುವೆ 2008ರ ಗಲಾಟೆ. ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಮಗನಿಗೆ ಟಿಕೆಟ್ ಸಿಗಲಿಲ್ಲ. ನವೆಂಬರಿನಲ್ಲಿ ಆಳ್ವರು ಬಾಯಿ ಬಿಟ್ಟರು: ಕರ್ನಾಟಕದಲ್ಲಿ ಕಾಂಗ್ರೆಸ್ ಟಿಕೆಟ್ ಹಣಕ್ಕೆ ಹೋಗಿದೆ ಎಂದರು. ಪಕ್ಷ ಅಲ್ಲಗಳೆಯಿತು. ಆಕೆ ಪ್ರಧಾನ ಕಾರ್ಯದರ್ಶಿ ಸ್ಥಾನ ಕಳೆದುಕೊಂಡರು. ನಾವು ಇದನ್ನು ಎರಡು ಸಲ ಓದಿಕೊಂಡೆವು. ದುಡ್ಡಿಲ್ಲದೆ ಟಿಕೆಟಿಲ್ಲ ಅನ್ನುವುದು ಮುಳಬಾಗಿಲಿನ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವನೂ ಹೇಳುವ ಮಾತು. ಅಷ್ಟು ಮೇಲಿನ ಕುರ್ಚಿಯಿಂದ ಹೇಳುವುದಕ್ಕೆ ಎದೆಗಾರಿಕೆ ಬೇಕು, ಒಪ್ಪುತ್ತೇವೆ. ಆದರೆ ಮಗನಿಗೆ ಟಿಕೆಟ್ ಸಿಕ್ಕಿದ್ದರೆ? ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗನಿಗೆ ಎಂಬುದೂ ಒಂದು ಬಗೆಯ ಮೀಸಲಾತಿಯೇ, ಅದನ್ನು ಯಾರೂ ಹಾಗೆ ಕರೆಯುವುದಿಲ್ಲ. ನಮ್ಮ ಜಿಲ್ಲೆಯನ್ನೂ ಬಿಡಬೇಕಾಗಿಲ್ಲ. 2018, 2023ರಲ್ಲಿ ಕೆ.ಜಿ.ಎಫ್.ನಿಂದ ಗೆದ್ದ ರೂಪಕಲಾ ಅವರು ಕೋಲಾರದಿಂದ ಏಳು ಸಲ ಸಂಸದರಾದ ಕೆ.ಎಚ್. ಮುನಿಯಪ್ಪನವರ ಮಗಳು. ಮೀಸಲು ಕ್ಷೇತ್ರದಲ್ಲೂ ಹೆಣ್ಣಿಗೆ ದಾರಿ ತಂದೆಯ ಮನೆಯ ಮುಂದಿನಿಂದಲೇ ಹೋಗುತ್ತದೆ.

ದೂರದ ಆಫ್ರಿಕಾದಲ್ಲಿ ವಿನ್ನಿ ಮಂಡೇಲಾ ಇದ್ದರು. 1969ರಲ್ಲಿ ಹಿಡಿದು 491 ದಿನ ಜೈಲಿನಲ್ಲಿಟ್ಟರು, 1977ರಲ್ಲಿ ಬ್ರಾಂಡ್‌ಫೋರ್ಟ್ ಎಂಬ ಕುಗ್ರಾಮಕ್ಕೆ ಗಡೀಪಾರು ಮಾಡಿದರು. ಅದೇ ವಿನ್ನಿ 1991ರಲ್ಲಿ ಹುಡುಗರ ಅಪಹರಣದ ಕೇಸಿನಲ್ಲಿ ತಪ್ಪಿತಸ್ಥೆ ಅನ್ನಿಸಿಕೊಂಡರು. ಅಲ್ಲಿನ ಬಡವರು ಆಕೆಯನ್ನು ಅಮ್ಮ ಅನ್ನುವುದನ್ನು ಬಿಡಲಿಲ್ಲ, ಸತ್ತ ಹುಡುಗನ ತಾಯಿಯ ಕಣ್ಣೀರೂ ನಿಲ್ಲಲಿಲ್ಲ. ವಿನ್ನಿಯ ಚರಿತ್ರೆ ಜೈಲಿನಿಂದ ಶುರುವಾಯಿತು, ಆಳ್ವರದ್ದು ಸಂಸತ್ತಿನ ಮೊಗಸಾಲೆಯಿಂದ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವುದಿಲ್ಲ ನಾವು. ಒಬ್ಬ ಹೆಂಗಸಿನ ಖಾತೆಯಲ್ಲಿ ಜಮಾ ಖರ್ಚು ಎರಡನ್ನೂ ಬರೆಯುವ ರೂಢಿ ನಮಗೆ ಬರಲಿ ಅಂತ ಇದನ್ನು ತಂದೆವು. ಹೊಗಳಿದರೆ ದೇವಿ, ತೆಗಳಿದರೆ ಮಾರಿ, ಇಷ್ಟೇ ನಮ್ಮವರಿಗೆ ಗೊತ್ತಿರುವುದು.

ಟಿಕೆಟ್ ಗಲಾಟೆಯಾದ ಮರುವರ್ಷವೇ ಆಳ್ವರು ಉತ್ತರಾಖಂಡದ ರಾಜ್ಯಪಾಲರಾದರು, ಆಮೇಲೆ 2014ರವರೆಗೆ ರಾಜಸ್ಥಾನಕ್ಕೆ. ವಾಯಿದೆ ಅಂದೆವಲ್ಲ, ಇದೇ. 2016ರಲ್ಲಿ ಆತ್ಮಕಥೆ ಬರೆದರು, ಪಕ್ಷದೊಳಗಿನ ಮಾತು ಬೀದಿಗೆ ಬಂತೆಂದು ಮತ್ತೆ ಗುಲ್ಲು. ವಿಧಾನಸಭೆ, ಲೋಕಸಭೆಗೆ ಮೂರನೇ ಒಂದು ಕೊಡುವ ಕಾಯಿದೆ 1996ರಿಂದ ಎಳೆದಾಡಿ 2023ರ ಸೆಪ್ಟೆಂಬರಿನಲ್ಲಿ ಪಾಸಾಯಿತು. ಜನಗಣತಿ ಆಗಲಿ, ಕ್ಷೇತ್ರ ಹಂಚಲಿ, ಆಮೇಲೆ ಎಂಬ ಷರತ್ತು ಬೇರೆ. ಹಿಂದುಳಿದ ಹೆಂಗಸರಿಗೆ ಅದರಲ್ಲಿ ಒಳಮೀಸಲೇ ಇಲ್ಲ.

ಚಿಕ್ಕಮ್ಮ 2020ರ ಡಿಸೆಂಬರಿನಲ್ಲಿ ಮೀಸಲಿಲ್ಲದ ಸೀಟಿಗೆ ನಿಂತಳು. ನಿಲ್ಲಬೇಡ ಅಂತ ನಮ್ಮ ಮನೆಯವರೇ ಹೇಳಿದ್ದರು. ಸೋತಳು. 2022ರ ಆಗಸ್ಟ್ 6ರಂದು ಉಪರಾಷ್ಟ್ರಪತಿ ಚುನಾವಣೆ. ವಿರೋಧ ಪಕ್ಷಗಳ ಅಭ್ಯರ್ಥಿ ಆಳ್ವರು, ವಯಸ್ಸು 80. ಜಗದೀಪ್ ಧನಕರ್‌ಗೆ 528, ಆಳ್ವರಿಗೆ 182. ಸಾಯಂಕಾಲ ಟೀವಿ ಮುಂದೆ ಅವರೆಕಾಳು ಸುಲಿಯುತ್ತಾ ಕೂತಿದ್ದ ಚಿಕ್ಕಮ್ಮ ಕೇಳಿದಳು, 'ಇವಮ್ಮನೇನಾ ನೀವು ಹೇಳಿದ್ದು?'

ಹೌದು ಅಂದೆವು.

'ಸೋತೋದ್ಲಾ? ನೂರಾ ಎಂಬತ್ತೆರಡು ಬಂದವಲ್ಲಪ್ಪ ಆಯಮ್ಮಂಗೆ. ನಂಗೆ ಬಂದಿದ್ದು ಅರವತ್ತೊಂದು.' ಅಂದವಳೇ ಸಿಪ್ಪೆಯನ್ನು ಮೊರದಿಂದ ಎತ್ತಿ ಎಮ್ಮೆಗೆ ಹಾಕಲು ಎದ್ದುಹೋದಳು.