ಗಾಳಿಗುಂಡಿ ಬಸವಣ್ಣ
ಗದಗ ಜಿಲ್ಲೆಯ ಕಪ್ಪತಗುಡ್ಡದ ಮೇಲಿರುವ ಬಸವಣ್ಣನ ಗುಡಿ, ನೋಟದ ತಾಣ. ಹೆಸರಿಗೆ ತಕ್ಕಂತೆ ಇಲ್ಲಿ ಗಾಳಿಯದೇ ದರ್ಬಾರು. ಸೆರಗು, ಟವೆಲ್ಲು ಹಿಡಿದುಕೊಂಡೇ ನಿಲ್ಲಬೇಕು; ಬುತ್ತಿ ಬಿಚ್ಚುವ ಮನೆಮಂದಿ ಮೊದಲು ಬಂಡೆಯ ಮರೆ ಹುಡುಕುತ್ತಾರೆ, ಇಲ್ಲವಾದರೆ ಶೇಂಗಾಚಟ್ನಿ ಕಣ್ಣಿಗೇ. ಕೆಳಗೆ ಹೊಲ, ಊರು, ಗುಡ್ಡಸಾಲಿನಗುಂಟ ತಿರುಗುವ ಗಾಳಿಯಂತ್ರಗಳು.

ಕಬ್ಬಿಣದ ಅದಿರು, ಚಿನ್ನದ ನಿಕ್ಷೇಪಗಳಿಂದಾಗಿ ಗಣಿಗಾರಿಕೆಯ ಕಣ್ಣು ಬಿದ್ದಿದ್ದ, ಔಷಧೀಯ ಸಸ್ಯಗಳಿಗೆ ಹೆಸರಾದ ಈ ಗುಡ್ಡವನ್ನು ಜನಹೋರಾಟದ ಬಳಿಕ 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ವಿಸ್ತೀರ್ಣ ಸುಮಾರು 244 ಚದರ ಕಿ.ಮೀ. ಡಂಬಳದ ದೊಡ್ಡಬಸಪ್ಪ ಗುಡಿ, ತುಂಗಭದ್ರೆಗೆ ಸಿಂಗಟಾಲೂರು ಏತ ನೀರಾವರಿ ಬ್ಯಾರೇಜು ಕಟ್ಟಿರುವ ಹಮ್ಮಿಗಿ, ಎರಡೂ ಇದೇ ಜಿಲ್ಲೆಯ ಮುಂಡರಗಿ ತಾಲ್ಲೂಕಿನವು.