ತಂತಿಯ ಮರುದನಿ

ಸಿದ್ಧೇಶ್ವರ ಗುಡಿಯ ಸುತ್ತುಮುತ್ತಲಿನ ಓದುಗರಿಗೆ ಗೋಲಗುಮ್ಮಟದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ವಿಜಯಪುರಕ್ಕೆ ಬಂದ ನೆಂಟರನ್ನು ಅಲ್ಲಿಗೆ ಕರೆದೊಯ್ದು, ಮೇಲಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಹಲವಾಗಿ ಮರಳುವುದನ್ನು ತಾವೂ ಕೇಳಿಸಿದ್ದೀರಿ. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಗೋರಿಯ ಮೇಲಿನ ಈ ಗುಮ್ಮಟದಲ್ಲಿ ದನಿ ಮರಳುವುದೇಕೆ? ಗಾಳಿಯನ್ನು ಅಲುಗಿಸಿದಷ್ಟು ಸುಲಭವಾಗಿ ಗೋಡೆಯನ್ನು ಅಲುಗಿಸಲಾಗದು. ಗಾಳಿಯಲ್ಲಿ ಸಲೀಸಾಗಿ ಬಂದ ಅಲೆಗೆ ಅಲ್ಲಿ ಬೇರೆ ಸ್ವಭಾವದ ದಾರಿ ಎದುರಾಗುತ್ತದೆ. ಅದರ ಬಹುಪಾಲು ಹಿಂದಿರುಗುತ್ತದೆ. ಅಲೆಗೆ ದಾರಿಯು ಒಡ್ಡುವ ಈ ಬಿಗಿಗೆ ವಿಜ್ಞಾನಿಗಳು ಇಂಪೀಡೆನ್ಸ್ ಎನ್ನುತ್ತಾರೆ. ಕನ್ನಡದಲ್ಲಿ ಪ್ರತಿಬಾಧೆ ಎನ್ನಬಹುದು.

ಇಂಥ ಮರುದನಿ ವಿದ್ಯುತ್ ತಂತಿಯಲ್ಲಿಯೂ ಉಂಟು. ಆದರೆ ತಂತಿಯೂ ಅಲೆಯ ದಾರಿಯೆಂಬುದನ್ನು ಮನುಷ್ಯ ಒಪ್ಪಿಕೊಳ್ಳಲು ಬಹುಕಾಲ ಹಿಡಿಯಿತು. ಅದಕ್ಕಾಗಿ ದೊಡ್ಡ ಬೆಲೆಯನ್ನೂ ತೆತ್ತ.

1858ರ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ತಂತಿ ಕೇಬಲನ್ನು ಹಾಸಿ ಮುಗಿಸಿದರು. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶವು ದಾಟಲು ಸುಮಾರು 16 ತಾಸು ಬೇಕಾಯಿತು. ಉದ್ದ ಕೇಬಲಿನಲ್ಲಿ ಸಂಕೇತಗಳು ಹರಡಿ ಮಂದವಾಗುವುವೆಂದು ವಿಲಿಯಂ ಥಾಮ್ಸನ್ ಮೊದಲೇ ಲೆಕ್ಕಹಾಕಿ ತಿಳಿಸಿದ್ದ. ಕಂಪೆನಿಯ ವಿದ್ಯುತ್ ತಜ್ಞ ವೈಟ್‌ಹೌಸ್ ಅದನ್ನು ಒಪ್ಪಲಿಲ್ಲ. ಸಂಕೇತ ಮಂದವಾದರೆ ಬಲ ಹೆಚ್ಚಿಸಿದರಾಯಿತೆಂದು ಸುಮಾರು 2000 ವೋಲ್ಟು ಹಾಯಿಸಿದ. ಕೆಲವೇ ವಾರಗಳಲ್ಲಿ ಕೇಬಲು ಮೂಕವಾಯಿತು.

ಈ ಗಂಟನ್ನು ಮುಂದೆ ಬಿಡಿಸಿದವನು ಆಲಿವರ್ ಹೆವಿಸೈಡ್. ಕಾಲೇಜಿನ ಮೆಟ್ಟಿಲು ಹತ್ತದೆ ತಂತಿ ಕಚೇರಿಯಲ್ಲಿ ದುಡಿದವನು ಆತ. 24ನೆಯ ವಯಸ್ಸಿಗೆ ಕೆಲಸ ಬಿಟ್ಟು ಮನೆಯಲ್ಲಿಯೇ ಗಣಿತಕ್ಕೆ ಕುಳಿತ. ಇಂಪೀಡೆನ್ಸ್ ಎಂಬ ಹೆಸರನ್ನು 1886ರಲ್ಲಿ ಇಟ್ಟವನು ಅವನೇ. ಸಂಕೇತವು ಕೆಡದಂತೆ ತಂತಿಯ ಗುಣಗಳನ್ನು ಹೊಂದಿಸುವ ಬಗೆಯನ್ನು 1887ರಲ್ಲಿ ಕಂಡುಹಿಡಿದ. ಅಂಚೆ ಇಲಾಖೆಯ ಹಿರಿಯ ಅಧಿಕಾರಿ ವಿಲಿಯಂ ಪ್ರೀಸ್ ಆ ಲೇಖನಕ್ಕೆ ಅಡ್ಡಬಂದ. ಹೆವಿಸೈಡ್ ಬಡತನದಲ್ಲಿ ಬಾಳಿ 1925ರಲ್ಲಿ ತೀರಿಕೊಂಡ. ಅವನ ಲೆಕ್ಕವಿಲ್ಲದೆ ಇಂದು ಒಂದು ಕಂಪ್ಯೂಟರನ್ನೂ ಕಟ್ಟಲಾಗದು.

ಅದು ಹೇಗೆಂದು ಕೇಳುವಿರಲ್ಲವೆ? 1936ರಲ್ಲಿ ವಿಯೆನ್ನಾದಿಂದ ಲಂಡನ್ನಿಗೆ ಬಂದು ನೆಲೆಸಿದ್ದ ಪಾಲ್ ಐಸ್ಲರ್ ಎಂಬಾತನು ಒಂದು ರೇಡಿಯೊ ಮಾಡಿದ. ಕೈಯಿಂದ ತಂತಿ ಬೆಸೆಯುವ ಬದಲು ಹಲಗೆಯ ಮೇಲೆ ತಾಮ್ರದ ಗೆರೆಗಳನ್ನೇ ಮೂಡಿಸಿದ. ಮುದ್ರಿತ ಮಂಡಲ ಬಂದದ್ದು ಹೀಗೆ. ಆಗ ಗೆರೆಯ ಅಗಲವನ್ನು ಯಾರೂ ಅಷ್ಟಾಗಿ ಅಳೆಯಲಿಲ್ಲ. ಅಳೆಯುವ ಅಗತ್ಯವೂ ಇರಲಿಲ್ಲ. 1950ರ ಜನವರಿಯಲ್ಲಿ ಧಾರವಾಡ ನಿಲಯವು ಆರಂಭವಾದ ಕಾಲದ ಪೆಟ್ಟಿಗೆಗಳನ್ನು ನೆನೆಯಿರಿ. ಮಧ್ಯಮ ತರಂಗದ ಒಂದೊಂದು ಅಲೆಯೂ ನೂರಾರು ಮೀಟರು ಉದ್ದ. ಪೆಟ್ಟಿಗೆಯೊಳಗಿನ ತಂತಿಯಾದರೋ ಗೇಣುದ್ದ. ಅಷ್ಟರಲ್ಲಿ ಮರುದನಿಗೆ ಎಡೆಯೆಲ್ಲಿ?

ಇಂದಿನ ಯಂತ್ರಗಳ ಮಾತೇ ಬೇರೆ. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಷ್ಟು ಕಾಲದಲ್ಲಿ ವಿದ್ಯುತ್ ಅಲೆಯು ಗಾಜುನಾರಿನ ಹಲಗೆಯ ಮೇಲೆ ಸುಮಾರು 15 ಸೆಂಟಿಮೀಟರು ಸಾಗುತ್ತದೆ. ಕಂಪ್ಯೂಟರಿನ ಸಂಕೇತಗಳು ಅದಕ್ಕಿಂತಲೂ ಬೇಗ ಏರಿಳಿಯುತ್ತವೆ. ಆದುದರಿಂದ ಗೇಣುದ್ದದ ಗೆರೆಯೇ ಈಗ ಸಾಗರದ ಕೇಬಲಾಗಿದೆ. ಹಲಗೆಯ ಮೇಲಿನ ಪಟ್ಟಿಯನ್ನು ಅಲೆಯ ದಾರಿಯಾಗಿ ಬಳಸುವ ಮೈಕ್ರೊಸ್ಟ್ರಿಪ್ ಎಂಬ ಕ್ರಮವನ್ನು 1952ರಲ್ಲಿ ಅಮೆರಿಕದ ಎಂಜಿನಿಯರರು ಪ್ರಕಟಿಸಿದರು. ಮುಂದೆ ಹೆರಾಲ್ಡ್ ವೀಲರ್ ಮೊದಲಾದವರು ಅದರ ಲೆಕ್ಕವನ್ನು ನಯಗೊಳಿಸಿದರು.

ಈ ಲೆಕ್ಕಕ್ಕೆ ಬೇಕಾದವು ನಾಲ್ಕು ಸಂಗತಿಗಳು: ಗೆರೆಯ ಅಗಲ, ಅದರ ದಪ್ಪ, ಕೆಳಗಿನ ತಾಮ್ರದ ಹಾಳೆಗೆ ಇರುವ ಅಂತರ, ನಡುವಣ ವಸ್ತುವಿನ ವಿದ್ಯುತ್ ಗುಣ. ಸಾಮಾನ್ಯ ಗಾಜುನಾರಿನ ಪದರ 0.2 ಮಿಲಿಮೀಟರು ದಪ್ಪವಿದ್ದು, ಅದರ ಮೇಲೆ 0.35 ಮಿಲಿಮೀಟರು ಅಗಲದ ಗೆರೆಯಿದ್ದರೆ ಇಂಪೀಡೆನ್ಸ್ ಸುಮಾರು 49 ಓಮ್ ಬರುತ್ತದೆ. ಬಯಸಿದ್ದು 50, ಇದು ಸಾಕು. ಅಗಲವನ್ನು ಅರ್ಧಕ್ಕಿಳಿಸಿದರೆ ಅದು 70 ಓಮ್ ಆಗುತ್ತದೆ. ಅಗಲವನ್ನು ಹಾಗೆಯೇ ಇಟ್ಟು ಪದರವನ್ನು ಇಮ್ಮಡಿಸಿದರೆ 74ರ ಸಮೀಪಕ್ಕೆ ಹೋಗುತ್ತದೆ. 50 ಓಮಿನ ದಾರಿಯಿಂದ 70 ಓಮಿನ ದಾರಿಗೆ ಬಂದ ಅಲೆಯ ವೋಲ್ಟಿನಲ್ಲಿ ಆರನೆಯ ಒಂದು ಪಾಲು ಹಿಂದಿರುಗುತ್ತದೆ. ಹೀಗೆ ಮರಳಿದ ಅಲೆಯು ಮುಂದಿನ ಸಂಕೇತದೊಡನೆ ಬೆರೆತರೆ ಯಂತ್ರವು ಒಂದನ್ನು ಸೊನ್ನೆಯೆಂದು ಓದೀತು.

ಆದಕಾರಣ ಹಲಗೆಯ ಪದರಗಳ ಜೋಡಣೆಯನ್ನು ಗೆರೆ ಎಳೆಯುವ ಮೊದಲೇ ಗೊತ್ತುಮಾಡಬೇಕು. ರಾಳ ಸವರಿದ ಗಾಜುನಾರಿನ ಬಟ್ಟೆಯನ್ನು ಬಿಸಿಯೊತ್ತಿಗೆಯಲ್ಲಿ ಒತ್ತಿದಾಗ ರಾಳ ಹರಿದು ಪದರ ತೆಳುವಾಗುತ್ತದೆ. ಒತ್ತಿದ ಮೇಲೆ ಉಳಿಯುವ ದಪ್ಪವನ್ನು ಬಲ್ಲವರು ಕಾರ್ಖಾನೆಯವರು. ಅವರನ್ನು ಕೇಳದೆ ಹಾಕಿದ ಲೆಕ್ಕ ಕಾಗದದಲ್ಲಿಯೇ ಉಳಿಯುತ್ತದೆ. ನಮ್ಮ ನಾಡಿನಲ್ಲಿಯೇ ನಂಜನಗೂಡಿನಲ್ಲಿ ಇಂಥ ಹಲಗೆಗಳ ಕಾರ್ಖಾನೆಯುಂಟು. 1999ರಲ್ಲಿ ಅದನ್ನು ಕೊಂಡದ್ದು ಐಸ್ಲರನ ತಾಯ್ನಾಡಾದ ಆಸ್ಟ್ರಿಯದ ಎ.ಟಿ. ಅಂಡ್ ಎಸ್. ಕಂಪೆನಿ.

ಇಂಪೀಡೆನ್ಸ್ ಗೊತ್ತುಮಾಡಿದ ಹಲಗೆಗಳನ್ನು ತಯಾರಿಸುವಾಗ ಅಂಚಿನಲ್ಲಿ ಒಂದು ಪರೀಕ್ಷೆಯ ತುಂಡನ್ನೂ ಮಾಡುವ ರೂಢಿಯಿದೆ. ಆ ತುಂಡಿನ ಗೆರೆಯೊಳಕ್ಕೆ ಉಪಕರಣವೊಂದು ಚುರುಕಾದ ವಿದ್ಯುತ್ ಹೆಜ್ಜೆಯನ್ನು ಕಳಿಸಿ, ಎಷ್ಟು ಮರಳಿತೆಂದು ಆಲಿಸುತ್ತದೆ. ಬಯಸಿದ ಬೆಲೆಗಿಂತ ನೂರಕ್ಕೆ ಹತ್ತರಷ್ಟು ಹೆಚ್ಚುಕಡಮೆಯನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ಅದನ್ನು ಮೀರಿದರೆ, ಕಣ್ಣಿಗೆ ಎಷ್ಟು ಚೆನ್ನಾಗಿ ಕಂಡರೂ ಆ ಹಲಗೆಯನ್ನು ಪಕ್ಕಕ್ಕಿಡುತ್ತಾರೆ.