ಎರಡನೆಯ ವಿಶ್ವನಾಥ

"ದೇವನೊಬ್ಬ ನಾಮ ಹಲವು." ಈ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಶಾಲೆಯ ಗೋಡೆ ಮೇಲೆ ಬರೆದಿರುತ್ತದೆ. ಸರ್ವಧರ್ಮ ಸಮ್ಮೇಳನದ ಬ್ಯಾನರಿನ ಮೇಲೂ ಇರುತ್ತದೆ. ಸ್ವಾಮಿಗಳು, ಮೌಲ್ವಿಗಳು, ಪಾದ್ರಿಗಳು ಒಂದೇ ವೇದಿಕೆಯಲ್ಲಿ ಕೂತು ಇದನ್ನೇ ಹೇಳಿ, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ತಂತಮ್ಮ ಜಾಗಕ್ಕೆ ವಾಪಸು ಹೋಗುತ್ತಾರೆ. ಮಾತು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಈ ಮಾತನ್ನು ಚರಿತ್ರೆಯಲ್ಲಿ ಯಾರು ಹೇಳಿದರು, ಎಲ್ಲಿ ನಿಂತು ಹೇಳಿದರು, ಹೇಳಿದ ಮೇಲೆ ಅವರನ್ನು ಏನು ಮಾಡಲಾಯಿತು ಅನ್ನೋದನ್ನು ಯಾವ ವೇದಿಕೆಯೂ ಕೇಳುವುದಿಲ್ಲ. ನಾವು ಕೇಳೋಣ. ಅದಕ್ಕೆ ಇಡೀ ದೇಶ ಸುತ್ತಬೇಕಾಗಿಲ್ಲ. ಒಂದು ಊರಿನಿಂದ ಹೊರಟರೆ ಸಾಕು. ಆ ಊರು ಕಾಶಿ.

ಮೊದಲನೆಯ ಕತೆ ನಮ್ಮ ಹರಿಕತೆ ದಾಸರೂ ಹೇಳುವಂಥದ್ದು. ಶೃಂಗೇರಿ ಮಠ ಇರುವ ನಾಡಿನವರಾದ ನಮಗೆ ಇದು ಹೊಸದೇನಲ್ಲ. ಕಾಶಿಯ ಬೀದಿಯಲ್ಲಿ ಶಂಕರಾಚಾರ್ಯರಿಗೆ ಒಬ್ಬ ಚಾಂಡಾಲ ಎದುರಾದ. ಜೊತೆಗೆ ನಾಲ್ಕು ನಾಯಿ. ಆಚಾರ್ಯರು ದೂರ ಹೋಗು ಅಂದರು. ದೂರ ಹೋಗಬೇಕಾದ್ದು ನನ್ನ ದೇಹವೋ ಆತ್ಮವೋ ಎಂದು ಅವನು ತಿರುಗಿ ಕೇಳಿದ. ಇರುವುದು ಒಂದೇ ಆತ್ಮ ಎಂದು ಊರೂರಿಗೆ ಸಾರುತ್ತಿದ್ದವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಬೇಕೆ? ಅದ್ವೈತವನ್ನು ತಾಳೆಗರಿಯಿಂದ ಬೀದಿಗೆ ಎಳೆದು ತಂದ ಪ್ರಶ್ನೆ ಇದು. ಆಚಾರ್ಯರು ತಲೆಬಾಗಿದರು, ಇಂಥ ಅರಿವುಳ್ಳವನು ಯಾವ ಕುಲದವನಾದರೂ ನನಗೆ ಗುರುವೇ ಎಂದು ಒಪ್ಪಿಕೊಂಡರು. 'ಮನೀಷಾ ಪಂಚಕ' ಹುಟ್ಟಿದ್ದು ಹೀಗೆ ಎಂದು ಪರಂಪರೆ ಹೇಳುತ್ತದೆ.

ಕತೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ನಿಲ್ಲುವುದಿಲ್ಲ. ಚಾಂಡಾಲ ಮಾಯವಾಗುತ್ತಾನೆ. ಅವನಿದ್ದ ಜಾಗದಲ್ಲಿ ಸಾಕ್ಷಾತ್ ಶಿವ ನಿಂತಿರುತ್ತಾನೆ. ನಾಲ್ಕು ನಾಯಿಗಳು ನಾಲ್ಕು ವೇದಗಳಾಗುತ್ತವೆ. ಅಂದರೆ ಪ್ರಶ್ನೆ ಕೇಳಿದ್ದು ಚಾಂಡಾಲನಲ್ಲ, ಆಚಾರ್ಯರು ಬಾಗಿದ್ದೂ ಚಾಂಡಾಲನಿಗಲ್ಲ! ಹಾಗಾದರೆ ಮಾರನೆಯ ದಿನ ಅದೇ ಬೀದಿಗೆ ನಿಜವಾದ ಚಾಂಡಾಲ ಬಂದಿದ್ದರೆ ಏನಾಗುತ್ತಿತ್ತು? ಇದಕ್ಕೆ ಉತ್ತರ ಕತೆಯಲ್ಲಿಲ್ಲ, ಶಂಕರರ ಬ್ರಹ್ಮಸೂತ್ರ ಭಾಷ್ಯದಲ್ಲಿದೆ. ಅಲ್ಲಿನ 'ಅಪಶೂದ್ರಾಧಿಕರಣ'ದಲ್ಲಿ ಶೂದ್ರನಿಗೆ ವೇದದ ಮೂಲಕ ಬ್ರಹ್ಮವಿದ್ಯೆ ಪಡೆಯುವ ಅಧಿಕಾರ ಇಲ್ಲ ಎಂದು ತೀರ್ಮಾನವಾಗಿದೆ. ವೇದ ಕೇಳಿಸಿಕೊಂಡವನ ಕಿವಿಗೆ ಕಾಯಿಸಿದ ಸೀಸ, ಅರಗು ತುಂಬಬೇಕೆನ್ನುವ ಸ್ಮೃತಿವಾಕ್ಯವನ್ನು ಆಧಾರವಾಗಿ ಕೊಟ್ಟಿದೆ. ಇತಿಹಾಸ ಪುರಾಣ ಕೇಳಿ ಜ್ಞಾನ ಪಡೆಯಬಹುದು ಎಂಬ ಒಂದು ಸಣ್ಣ ಕಿಂಡಿಯನ್ನು ಬಿಟ್ಟಿದ್ದಾರೆ, ನಿಜ. ಬಾಗಿಲು ಮಾತ್ರ ಮುಚ್ಚಿಯೇ ಇದೆ. ಶೂದ್ರನಿಗೇ ಹೀಗಾದರೆ ಅವನಿಗಿಂತ ಕೆಳಗೆ ನಿಲ್ಲಿಸಲ್ಪಟ್ಟ ಚಾಂಡಾಲನ ಪಾಡೇನು?

ಆಮೇಲೆ ಅದೇ ಕಾಶಿಯಲ್ಲಿ, 15ನೆಯ ಶತಮಾನದ ಹೊತ್ತಿಗೆ, ಯಾರ ವೇಷವೂ ಅಲ್ಲದ ಮನುಷ್ಯರೇ ಎದ್ದು ಮಾತಾಡಿದರು. ಒಬ್ಬ ಕಬೀರ. ಜುಲಾಹ ಎಂಬ ಮುಸ್ಲಿಂ ನೇಕಾರರ ಮನೆಯವನು. ಇನ್ನೊಬ್ಬ ರವಿದಾಸ. ಚಮ್ಮಾರ. ಇಬ್ಬರೂ ದುಡಿದು ತಿಂದವರು. ಇಬ್ಬರೂ ರಾಮ, ರಹೀಮ ಬೇರೆ ಬೇರೆ ಅಲ್ಲ, ದೇವರು ಗುಡಿಯಲ್ಲೂ ಮಸೀದಿಯಲ್ಲೂ ಬಂದಿಯಾಗಿಲ್ಲ ಅಂದರು. ಇದು ಅನುಭಾವವೇ. ಆದರೆ ಕಣ್ಣು ಮುಚ್ಚಿ ಕೂತವರ ಅನುಭಾವ ಅಲ್ಲ. ಮಗ್ಗದ ಗುಣಿಯಲ್ಲಿ ಕಾಲಿಟ್ಟುಕೊಂಡು, ಚರ್ಮ ಹದ ಮಾಡುತ್ತಾ ಕಂಡುಕೊಂಡ ಅನುಭಾವ.

ಇಲ್ಲಿ ಒಂದು ಸೂಕ್ಷ್ಮ ಇದೆ, ಓದುಗರು ಗಮನಿಸಬೇಕು. ರವಿದಾಸ ತನ್ನ ಹಾಡುಗಳಲ್ಲಿ ಜಾತಿಯನ್ನು ಮುಚ್ಚಿಡುವುದಿಲ್ಲ. ತಾನು ಚಮ್ಮಾರ ಅಂತ ಮತ್ತೆ ಮತ್ತೆ ಹೇಳುತ್ತಾನೆ. ತನ್ನ ಕುಲದವರು ಕಾಶಿಯ ಸುತ್ತಮುತ್ತ ಸತ್ತ ದನ ಎಳೆಯುವವರು ಎಂದು ಹಾಡಿನಲ್ಲೇ ದಾಖಲು ಮಾಡುತ್ತಾನೆ. ಎಲ್ಲ ಒಂದೇ ಎನ್ನುವವನು ಇದನ್ನೆಲ್ಲ ಯಾಕೆ ಹೇಳಬೇಕು? ಯಾಕೆಂದರೆ ಅವನ ಪಾಲಿಗೆ ದೇವರು ಒಂದೇ ಅನ್ನೋದು ಬರಿಯ ಸಮಾಧಾನದ ಮಾತಲ್ಲ, ಅದೊಂದು ಹಕ್ಕಿನ ಮಾತು. 'ಬೇಗಂಪುರ' ಎಂಬ ಹಾಡಿನಲ್ಲಿ ಅವನು ಒಂದು ಊರನ್ನು ಕಲ್ಪಿಸಿಕೊಂಡಿದ್ದಾನೆ. ಹೆಸರಿನ ಅರ್ಥ ದುಃಖ ಇಲ್ಲದ ಊರು. ಅಲ್ಲಿ ಕಂದಾಯದ ಭಯ ಇಲ್ಲ, ಎರಡನೆಯ ದರ್ಜೆ ಮೂರನೆಯ ದರ್ಜೆಯ ಜನ ಇಲ್ಲ, ಯಾರು ಎಲ್ಲಿ ಬೇಕಾದರೂ ಓಡಾಡಬಹುದು. ನೋಡಿ, ಅನುಭಾವಿಯ ಸ್ವರ್ಗದಲ್ಲೂ ಮೊದಲು ಬೇಕಾದದ್ದು ತಡೆಯಿಲ್ಲದೆ ಓಡಾಡುವ ಬೀದಿ! ಚಾಂಡಾಲನನ್ನು ದೂರ ಹೋಗು ಅಂದ ಊರಿನ ಮಗನಿಗೆ ಮಾತ್ರ ಹೊಳೆಯುವ ಸ್ವರ್ಗ ಅದು.

ಇವರನ್ನು ಏನು ಮಾಡಬೇಕು? ಹಾಡು ಜನರ ಬಾಯಿಗೆ ಬಿದ್ದಾಗಿದೆ, ಅಳಿಸಲು ಆಗುವುದಿಲ್ಲ. ಆಗ ಹಳೆಯ ಉಪಾಯವೇ ಮತ್ತೆ ಬಂತು. ಹಾಡು ಇರಲಿ, ಹಾಡಿದವನ ಹುಟ್ಟನ್ನು ಬದಲಾಯಿಸು. ಕಬೀರ ಜುಲಾಹನ ಮಗನಲ್ಲ, ಬ್ರಾಹ್ಮಣ ವಿಧವೆಯ ಮಗ, ಲಹರ್ತಾರಾ ಕೆರೆಯಲ್ಲಿ ನೇಕಾರ ದಂಪತಿಗಳಿಗೆ ಸಿಕ್ಕಿದವನು ಅಂತ ಕತೆ ಹುಟ್ಟಿತು. ರವಿದಾಸನಿಗೆ ಹೂಡಿದ ಕತೆ ಇನ್ನೂ ಕ್ರೂರ. ಸಂತರ ಚರಿತ್ರೆ ಬರೆದ ಅನಂತದಾಸ, ಅವನ ನಂತರ 1712ರಲ್ಲಿ 'ಭಕ್ತಮಾಲ'ಕ್ಕೆ ಟೀಕೆ ಬರೆದ ಪ್ರಿಯಾದಾಸ, ಇವರ ಪ್ರಕಾರ ರವಿದಾಸ ಹಿಂದಿನ ಜನ್ಮದಲ್ಲಿ ಬ್ರಾಹ್ಮಣ. ಹುಟ್ಟಿದ ಕೂಸು ಚಮ್ಮಾರ ತಾಯಿಯ ಮೊಲೆಹಾಲು ಮುಟ್ಟಲಿಲ್ಲ; ರಾಮಾನಂದರು ಬಂದು ದೀಕ್ಷೆ ಕೊಟ್ಟ ಮೇಲೆಯೇ ಕುಡಿಯಿತು. ದೊಡ್ಡವನಾದ ಮೇಲೆ ಬ್ರಾಹ್ಮಣರ ಎದುರು ತನ್ನ ಮೈ ಸೀಳಿ, ಚರ್ಮದ ಒಳಗಿದ್ದ ಜನಿವಾರ ತೋರಿಸಿದ. ಒಬ್ಬ ಮನುಷ್ಯನನ್ನು ದೊಡ್ಡವನು ಮಾಡಲು ಅವನ ಹೆತ್ತವ್ವನ ಹಾಲನ್ನೇ ಹೊಲಸು ಮಾಡಿದ ಕತೆ ಇದು. ಚರ್ಮದ ಕೆಲಸದವನ ಚರ್ಮವನ್ನೇ ಸೀಳಿ ಒಳಗೆ ಜನಿವಾರ ಹುಡುಕಿದ ಕತೆ ಇದು. ಚಾಂಡಾಲನನ್ನು ಶಿವ ಮಾಡಿದ ಕೈಗಳೇ ಇದನ್ನೂ ಹೆಣೆದಿವೆ.

ಕಬೀರನ ಹೆಣವನ್ನೂ ಬಿಡಲಿಲ್ಲ. ಸುಡಬೇಕು ಅಂತ ಒಂದು ಗುಂಪು, ಹೂಳಬೇಕು ಅಂತ ಒಂದು ಗುಂಪು ಕಿತ್ತಾಡಿದ ಕತೆ ಅಕ್ಬರನ ಕಾಲದ 'ಐನ್-ಎ-ಅಕ್ಬರಿ'ಯಲ್ಲೇ ಇದೆ. ಅದನ್ನು ಬರೆದ ಅಬುಲ್ ಫಜಲ್ ಕಬೀರನನ್ನು ಏಕತ್ವವಾದಿ ಎಂದು ಕರೆದಿದ್ದಾನೆ. ಕಾಶಿಯಲ್ಲಿ ಸತ್ತರೆ ಮುಕ್ತಿ ಅನ್ನೋದನ್ನು ಧಿಕ್ಕರಿಸಿ ಅವನು ಸಾಯಲು ಹೋದ ಮಗಹರದಲ್ಲಿ ಇವತ್ತಿಗೂ ಒಂದು ಸಮಾಧಿ, ಪಕ್ಕದಲ್ಲೇ ಒಂದು ಮಜಾರ್ ಇವೆ. ಎಲ್ಲ ಒಂದೇ ಎಂದವನಿಗೆ ಎರಡು ಗೋರಿ.

ಇನ್ನು ಅರಮನೆಯ ಕಡೆ ನೋಡೋಣ. ಷಹಜಹಾನನ ಹಿರಿಯ ಮಗ ದಾರಾ ಶಿಕೋ. 1615ರಲ್ಲಿ ಹುಟ್ಟಿದವನು, ಖಾದಿರಿ ಸೂಫಿ ಪಂಥಕ್ಕೆ ಸೇರಿದವನು. ಇರುವುದೆಲ್ಲ ಒಂದೇ ಎಂದು ಇಬ್ನ್ ಅರಬಿಯ ಪರಂಪರೆಯ ಸೂಫಿಗಳು ಹೇಳುವುದೂ ವೇದಾಂತಿಗಳು ಹೇಳುವುದೂ ಬೇರೆಯಲ್ಲ ಎಂದು ಅವನಿಗೆ ಅನಿಸಿತು. 'ಮಜ್ಮಾ-ಉಲ್-ಬಹ್ರೈನ್', ಅಂದರೆ ಎರಡು ಸಮುದ್ರಗಳ ಸಂಗಮ, ಎಂಬ ಪುಸ್ತಕ ಬರೆದ. 1657ರಲ್ಲಿ ಕಾಶಿಯ ಪಂಡಿತರನ್ನೂ ಸನ್ಯಾಸಿಗಳನ್ನೂ ದಿಲ್ಲಿಯಲ್ಲಿ ಕೂಡಿಸಿ ಸುಮಾರು 50 ಉಪನಿಷತ್ತುಗಳನ್ನು ಪಾರಸಿಗೆ ತಂದ. ಕುರಾನಿನಲ್ಲಿ ಹೇಳಿರುವ ಗುಪ್ತ ಗ್ರಂಥ ಈ ಉಪನಿಷತ್ತುಗಳೇ ಅಂತ ಬರೆಯುವಷ್ಟು ಧೈರ್ಯ ಅವನಿಗಿತ್ತು. 1659ರಲ್ಲಿ ತಮ್ಮ ಔರಂಗಜೇಬ ಅವನನ್ನು ಕೊಲ್ಲಿಸಿದ. ಸಿಂಹಾಸನದ ಜಗಳವೇ ಮೂಲ, ಧರ್ಮದ್ರೋಹದ ಆರೋಪ ಅದಕ್ಕೆ ಸಿಕ್ಕ ಕತ್ತಿ.

ದಾರಾನ ಪ್ರಾಮಾಣಿಕತೆಯನ್ನು ನಾವು ಅನುಮಾನಿಸಬೇಕಾಗಿಲ್ಲ. ಇವತ್ತು ಹಿಂದೂ ಮುಸ್ಲಿಂ ಅಂತ ಬೆಂಕಿ ಹಚ್ಚುವವರ ಎದುರು ಅವನ ಹೆಸರು ಹೇಳಲೇಬೇಕು. ಆದರೆ ಅವನು ಕೂಡಿಸಿದ್ದು ಏನನ್ನು? ಗ್ರಂಥ ಇದ್ದವರನ್ನು ಗ್ರಂಥ ಇದ್ದವರ ಜೊತೆ. ಎರಡು ಸಮುದ್ರ ಸೇರಿದವು. ಕಾಶಿಯ ಚಮ್ಮಾರರ ಕೇರಿಗೆ ಒಂದು ಕೊಡ ನೀರು ಬರಲಿಲ್ಲ. ಮುಂದೆ ಆ ಪಾರಸಿ ಪುಸ್ತಕವನ್ನು ಆಂಕೆತಿಲ್ ದುಪೆರಾಂ ಎಂಬ ಫ್ರೆಂಚ್ ವಿದ್ವಾಂಸ ಲ್ಯಾಟಿನ್ನಿಗೆ ತಂದ. ಅದು 1801-02ರಲ್ಲಿ ಅಚ್ಚಾಯಿತು. ಜರ್ಮನಿಯ ಶೋಪೆನ್‌ಹಾವರ್ ಅದನ್ನು ಓದಿ ಮೆಚ್ಚಿಕೊಂಡ. ಸಮುದ್ರ ದಾಟಿದ ಉಪನಿಷತ್ತಿಗೆ ಬೀದಿ ದಾಟಲು ಆಗಲಿಲ್ಲ. ಶಾಸ್ತ್ರದ ಲೆಕ್ಕದಲ್ಲಿ ರವಿದಾಸನ ಕುಲದವರು ಅದನ್ನು ಕೇಳುವುದೂ ಅಪರಾಧವಾಗಿಯೇ ಉಳಿದಿತ್ತು.

ಹಾಗಾದರೆ ರವಿದಾಸನ ಹಾಡುಗಳನ್ನು ಕಾಪಾಡಿದವರು ಯಾರು? ಅದಕ್ಕೆ ಕಾಶಿ ಬಿಟ್ಟು ಪಂಜಾಬಿಗೆ ಹೋಗಬೇಕು. ಸಿಖ್ಖರ ಐದನೆಯ ಗುರು ಅರ್ಜನರು 1604ರಲ್ಲಿ ಸಂಕಲಿಸಿದ ಆದಿಗ್ರಂಥದಲ್ಲಿ ರವಿದಾಸನ 40 ಪದಗಳು ಸೇರಿದವು. ಅವುಗಳ ಜೊತೆಗೆ ನೇಕಾರ ಕಬೀರ, ಸಿಂಪಿಗ ನಾಮದೇವ, ಕಟುಕ ಸಧನಾ, ಕ್ಷೌರಿಕ ಸೈನ್, ಸೂಫಿ ಫರೀದ್. ಇಲ್ಲಿ ಏಕತೆ ಎನ್ನುವುದು ಗ್ರಂಥದ ಹಾಳೆಯಲ್ಲಿ ಮಾತ್ರ ಇರಲಿಲ್ಲ, ಲಂಗರಿನ ಪಂಕ್ತಿಯಲ್ಲೂ ಇತ್ತು. ಒಂದೇ ಸಾಲಿನಲ್ಲಿ ಕೂತು ಒಂದೇ ರೊಟ್ಟಿ ತಿನ್ನುವುದು ದೊಡ್ಡ ಕ್ರಾಂತಿ. ಹಾಗಂತ ಪಂಜಾಬಿನ ಹಳ್ಳಿಗಳಲ್ಲಿ ಜಾತಿ ಸಾಯಲಿಲ್ಲ. ದಲಿತರಿಗೇ ಬೇರೆ ಗುರುದ್ವಾರ, ಬೇರೆ ಸ್ಮಶಾನ ಎಷ್ಟೋ ಕಡೆ ಉಳಿದವು. ಜಲಂಧರ ಹತ್ತಿರದ ತಲ್ಹಣದಲ್ಲಿ ಗುರುದ್ವಾರದ ಆಡಳಿತ ಸಮಿತಿಯಲ್ಲಿ ಪಾಲು ಕೇಳಿದ ದಲಿತರು ಬಹಿಷ್ಕಾರ ಅನುಭವಿಸಿದ್ದು, ಘರ್ಷಣೆಯಾದದ್ದು 2003ರಷ್ಟು ಈಚೆಗೆ.

ಅದಕ್ಕೇ 20ನೆಯ ಶತಮಾನದ ದಲಿತರು ರವಿದಾಸನನ್ನು ಬೇರೆಯವರ ಕೈಯಿಂದ ವಾಪಸು ತೆಗೆದುಕೊಂಡರು. 1926ರಲ್ಲಿ ಪಂಜಾಬಿನಲ್ಲಿ ಮಂಗೂ ರಾಮ್ 'ಆದ್ ಧರ್ಮ' ಚಳುವಳಿ ಕಟ್ಟಿದರು. ನಾವು ಯಾರ ಬಾಲವೂ ಅಲ್ಲ, ಈ ನೆಲದ ಮೂಲ ಜನ ಅಂದರು. 1931ರ ಜನಗಣತಿಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ತಮ್ಮ ಧರ್ಮ ಆದ್ ಧರ್ಮ ಅಂತ ಬರೆಸಿದರು. ಕಬೀರಪಂಥದ ಮನೆಯಲ್ಲಿ ಬೆಳೆದ ಬಾಬಾಸಾಹೇಬರು ಬುದ್ಧ, ಕಬೀರ, ಫುಲೆ ಈ ಮೂವರನ್ನು ಗುರುಗಳೆಂದರು. 1948ರಲ್ಲಿ ಪ್ರಕಟವಾದ ಅಸ್ಪೃಶ್ಯರ ಮೂಲವನ್ನು ಹುಡುಕುವ ತಮ್ಮ ಪುಸ್ತಕವನ್ನು ನಂದನಾರ್, ರವಿದಾಸ, ಚೋಖಾಮೇಳ ಇವರ ನೆನಪಿಗೆ ಅರ್ಪಿಸಿದರು. ಆದರೆ ಸಂತರ ಭಕ್ತಿಯಿಂದಲೇ ಅಸ್ಪೃಶ್ಯತೆ ಹೋಗುತ್ತದೆ ಎಂದು ಅವರು ನಂಬಲಿಲ್ಲ. ದೇವರ ಎದುರಿನ ಸಮಾನತೆಯಿಂದ ಮನುಷ್ಯನ ಎದುರಿನ ಸಮಾನತೆ ತಾನಾಗಿ ಬರುವುದಿಲ್ಲ ಎಂಬುದು ಅವರ ವಾದ.

ಅವರ ವಾದ ಎಷ್ಟು ಸರಿ ಅಂತ ಕಾಶಿಯೇ ತೋರಿಸಿತು. 1950ರ ದಶಕದಲ್ಲಿ ಕಾಶಿ ವಿಶ್ವನಾಥನ ಗುಡಿಗೆ ದಲಿತರ ಪ್ರವೇಶವಾಯಿತು. ಅದನ್ನು ವಿರೋಧಿಸಿದವರ ಮುಂದಾಳು ಕರಪಾತ್ರಿ ಸ್ವಾಮಿ. ಅವರು ಅದ್ವೈತಿ ಸನ್ಯಾಸಿ. ದಲಿತರು ಒಳಗೆ ಬಂದ ಮೇಲೆ ಆ ವಿಶ್ವನಾಥ ತಮಗೆ ಬೇಡವೆಂದು ಅವರು ಮೀರ್‌ಘಾಟಿನಲ್ಲಿ ಹೊಸ ವಿಶ್ವನಾಥನನ್ನು ಸ್ಥಾಪಿಸಿದರು. ವಿಶ್ವನಾಥ ಎಂದರೆ ವಿಶ್ವಕ್ಕೆಲ್ಲ ಒಡೆಯ. ಎರಡನೆಯದೇ ಇಲ್ಲ ಎನ್ನುವ ಸಿದ್ಧಾಂತದವರು ಎರಡನೆಯ ವಿಶ್ವನಾಥನನ್ನು ಕಟ್ಟಿದರು! ಬೀದಿಯಲ್ಲಿ ಚಾಂಡಾಲ ಕೇಳಿದ ಪ್ರಶ್ನೆಗೆ ಸಾವಿರ ವರ್ಷದ ಮೇಲೆ ಕೊಟ್ಟ ಉತ್ತರ ಇದು. 1978ರಲ್ಲಿ ಕೇಂದ್ರ ಮಂತ್ರಿ ಜಗಜೀವನ್ ರಾಮ್ ಅದೇ ಊರಿನಲ್ಲಿ ಸಂಪೂರ್ಣಾನಂದರ ಪ್ರತಿಮೆಯನ್ನು ಅನಾವರಣ ಮಾಡಿ ಹೋದರು. ಅವರು ರವಿದಾಸನ ಕುಲದವರು. ದೇಶದ ಸೈನ್ಯವನ್ನು ನೋಡಿಕೊಳ್ಳುವ ಮಂತ್ರಿ. ಅವರು ಹೋದ ಮೇಲೆ ಮೇಲ್ಜಾತಿಯ ಹುಡುಗರು ಆ ಪ್ರತಿಮೆಯನ್ನು ಗಂಗಾಜಲದಿಂದ ತೊಳೆದರು.

ಇನ್ನೊಂದು ಕಡೆ ಕಾಶಿಯ ಅಂಚಿನ ಸೀರ್ ಗೋವರ್ಧನಪುರದಲ್ಲಿ 1965ರಲ್ಲಿ ರವಿದಾಸನ ಮಂದಿರಕ್ಕೆ ಅಡಿಗಲ್ಲು ಬಿತ್ತು. ಪ್ರತಿವರ್ಷ ರವಿದಾಸ ಜಯಂತಿಗೆ ಪಂಜಾಬಿನಿಂದ ರೈಲು ತುಂಬಿ ಜನ ಬರುತ್ತಾರೆ. 2009ರಲ್ಲಿ ವಿಯೆನ್ನಾದಲ್ಲಿ ರವಿದಾಸಿ ಸಂತ ರಾಮಾನಂದರ ಕೊಲೆಯಾದ ಮೇಲೆ, 2010ರಲ್ಲಿ ಇದೇ ಜಾಗದಲ್ಲಿ ರವಿದಾಸಿಯಾ ಎಂಬ ಪ್ರತ್ಯೇಕ ಧರ್ಮದ ಘೋಷಣೆಯಾಯಿತು. ಎಲ್ಲ ರವಿದಾಸಿಗಳೂ ಇದನ್ನು ಒಪ್ಪಿಲ್ಲ, ಚರ್ಚೆ ಇದೆ. ಆದರೆ ಏಕತೆ ಒಡೆಯಿತು ಅಂತ ಇವರ ಮೇಲೆ ಆರೋಪ ಹೊರಿಸುವವರು ಒಂದು ಸಲ ಮೀರ್‌ಘಾಟಿಗೂ ಹೋಗಿ ಬರಲಿ.

ಮೇಷ್ಟ್ರುಗಳೇ, ಗೆಳೆಯರೇ, ದೇವರು ಒಬ್ಬನೇ ಎಂಬ ಪಾಠವನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಕೋಮುವಾದದ ಈ ಕಾಲದಲ್ಲಿ ಆ ಪಾಠ ಬೇಕು. ಆದರೆ ದಾರಾನ ಪುಸ್ತಕದ ಜೊತೆಗೆ ರವಿದಾಸನ ಬೇಗಂಪುರವನ್ನೂ ಇಟ್ಟು ಪಾಠ ಮಾಡಿ. ಚಾಂಡಾಲನ ಕತೆ ಹೇಳುವಾಗ ಪ್ರಶ್ನೆ ಕೇಳಿದವನು ಚಾಂಡಾಲನೇ ಅಂತ ಹೇಳಿ. ಕಬೀರ ಜುಲಾಹನ ಮನೆಯವನೇ, ರವಿದಾಸ ಚಮ್ಮಾರ ತಾಯಿಯ ಹಾಲು ಕುಡಿದೇ ಬೆಳೆದವನು ಅಂತ ಹೇಳಿ. ಹಿಂದಿನ ಬೆಂಚಿನಲ್ಲಿ ಕೂತ ನಮ್ಮ ಕೇರಿಯ ಮಗುವಿಗೆ ಅದು ಕೇಳಿಸಬೇಕು.